ಭೀಮ್‌ಬೆಟ್ಕಾದ್ದು ಹೆಜ್ಜೇನು ಹುಟ್ಟು, ಚಿತ್ರಕೂಟದ್ದೇ ಪಳೆಯುಳಿಕೆ

ಮಾನ್ಯ ಸಂಪಾದಕರೆ,

ಭಾರತದಲ್ಲಿ ಸಿಕ್ಕ ಅತಿ ಹಳೆಯ ಪ್ರಾಣಿ ಯಾವುದೆಂದರೆ 'ಭೀಮ್‌ಬೆಟ್ಕಾದ ಡಿಕಿನ್ಸೋನಿಯಾ' (ಚಪ್ಪಟೆ, ಮೆದು ಮೈಯ ಪುರಾತನ ಜೀವಿ) ಎಂಬ ಉತ್ತರ ಸ್ಪರ್ಧಾತ್ಮಕ ಪರೀಕ್ಷೆಯ ಟಿಪ್ಪಣಿಗಳಲ್ಲಿ ಇನ್ನೂ ಓಡಾಡುತ್ತಿದೆ. ಆ ಉತ್ತರ ಬಿದ್ದುಹೋಗಿ ಕಾಲವಾಯಿತು. 2021ರಲ್ಲಿ ಭೂವಿಜ್ಞಾನಿ ಗ್ರೆಗರಿ ರಿಟಾಲಕ್ ಮತ್ತು ಸಂಗಡಿಗರು ಮಧ್ಯಪ್ರದೇಶದ ಆ ಭೀಮ್‌ಬೆಟ್ಕಾದ ಆಡಿಟೋರಿಯಂ ಗುಹೆಯ ಚಾವಣಿಯಲ್ಲಿ ಕಂಡ, ನಡುಗೆರೆಯೂ ಪಕ್ಕೆಗೆರೆಗಳೂ ಇದ್ದ ಗುರುತನ್ನು ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಎಂದರು. ಸಂರಕ್ಷಿತ ಸ್ಮಾರಕದಲ್ಲಿ ಸುತ್ತಿಗೆ ಹಾಕುವಂತಿಲ್ಲ, ಹಾಗಾಗಿ ಫೋಟೊ ನೋಡಿಯೇ ತೀರ್ಮಾನ. 2022ರ ಕೊನೆಗೆ ಜೋಸೆಫ್ ಮೀರ್ಟ್ ಅವರ ತಂಡ ಹೋಗಿ ನೋಡಿದಾಗ ಅದು ಬಂಡೆಯಿಂದ ಹಕ್ಕಳೆಯಂತೆ ಎದ್ದುಬರುತ್ತಿತ್ತು, ಒಳಗೆ ಎರಿಯ ಕಣ್ಣುಗಳು ಕಾಣುತ್ತಿದ್ದವು. ಹಳೆಯ ಹೆಜ್ಜೇನು ಹುಟ್ಟಿನ ಅವಶೇಷ! ರಿಟಾಲಕ್ ಕೂಡ ಇದನ್ನು ಒಪ್ಪಿಕೊಂಡರು. ಮರಳುಗಲ್ಲಿನಲ್ಲಿ ಮೂಡಿದ ಅಚ್ಚು ಕಲ್ಲಿನದೇ ಭಾಗ, ಎರಡು ಮೂರು ವರ್ಷದಲ್ಲಿ ಉದುರಿಹೋಗುವಂಥದ್ದಲ್ಲ. ಹೆಚ್ಚಿನ ಅಪಾಯ ಬೇರೆಡೆ ಇತ್ತು. ಆ ಗುರುತನ್ನೇ ನಂಬಿ ಮೇಲಿನ ವಿಂಧ್ಯ ಶಿಲೆಗಳ (ಮಧ್ಯಭಾರತದ ಪದರಶಿಲೆಗಳ ಮೇಲಿನ ಭಾಗದ) ವಯಸ್ಸನ್ನೂ 55 ಕೋಟಿಗೆ ಇಳಿಸಿದ್ದರು. ಅವು ಸುಮಾರು 100 ಕೋಟಿ ವರ್ಷ ಹಳೆಯವು ಎಂಬುದು ಮೀರ್ಟ್ ಅವರ ವಾದ.

ಮಕ್ಕಳಿಗೆ ಹೇಳಬೇಕಾದದ್ದು ಚಿತ್ರಕೂಟದ ಸಂಗತಿ. 1998ರಲ್ಲಿ ರಫತ್ ಆಜ್ಮಿ ಕೆಳಗಿನ, ಅಂದರೆ ಇನ್ನೂ ಹಳೆಯ ವಿಂಧ್ಯ ಶಿಲೆಗಳಲ್ಲಿ ಸೂಕ್ಷ್ಮ ಪಳೆಯುಳಿಕೆಗಳನ್ನು ಕಂಡು, ಕಲ್ಲು ಕೇಂಬ್ರಿಯನ್ ಕಾಲದ್ದು, ಅಂದರೆ 54 ಕೋಟಿ ವರ್ಷದ ಆಸುಪಾಸಿನದು ಎಂದರು. ದೊಡ್ಡ ಗಲಾಟೆಯಾಯಿತು. 2002ರಲ್ಲಿ ಕೆಳಗಿನ ವಿಂಧ್ಯದ ಜ್ವಾಲಾಮುಖಿ ಬೂದಿಯ ಪದರಗಳಿಂದ ತೆಗೆದ ಜಿರ್ಕಾನ್ ಹರಳುಗಳು ಸುಮಾರು 163 ಕೋಟಿ ವರ್ಷ ತೋರಿಸಿದವು. ಬೂದಿಯ ಪದರವೇ ಏಕೆ ಬೇಕೆಂದರೆ, ಮರಳುಗಲ್ಲಿನ ಜಿರ್ಕಾನ್ ಬೇರೆಲ್ಲಿಂದಲೋ ಕೊಚ್ಚಿಬಂದದ್ದು. ಕಲ್ಲು ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದರಿಂದ ಹೇಳಬಹುದು. 2009ರಲ್ಲಿ ಸ್ಟೆಫಾನ್ ಬೆಂಗ್ಟ್ಸನ್ ತಂಡ ಪಳೆಯುಳಿಕೆ ಇರುವ ಚಿತ್ರಕೂಟದ ಫಾಸ್ಫೇಟ್ ಕಲ್ಲನ್ನೇ ಸೀಸದ ಐಸೊಟೋಪುಗಳಿಂದ ಅಳೆಯಿತು: 165 ಕೋಟಿ, ಆಚೀಚೆ 9 ಕೋಟಿ. ಆಜ್ಮಿ ಅವರ ಪಳೆಯುಳಿಕೆ ನಿಜ, ವಯಸ್ಸು ಮಾತ್ರ ತಪ್ಪು. 2017ರಲ್ಲಿ ಹೆಸರು ಕೊಟ್ಟ ಮೂರು ಜೀವಿಗಳಲ್ಲಿ ಎಳೆಯಾಕಾರದ ರಫತಾಜ್ಮಿಯಾದಲ್ಲಿ ಕೋಶಗಳ ನಡುವೆ ಅಡ್ಡಗೋಡೆಗಳಿವೆ, ಅವುಗಳ ಮಧ್ಯೆ ಸಣ್ಣ ರಂಧ್ರದಂಥ ರಚನೆಯಿದೆ. ಇಂದಿನ ಕೆಂಪು ಪಾಚಿಯ ಲಕ್ಷಣವದು. ರಾಮಥಾಲಸ್ ಎಂಬುದು ಹಾಲೆ ಹಾಲೆಯಾಗಿ ಬೆಳೆದ ಕೋಶಸಮೂಹ. ಕಲ್ಲು ಒಡೆಯದೆ ಒಳಗಿನದನ್ನು ಕಂಡದ್ದು ಸ್ವಿಟ್ಜರ್ಲೆಂಡಿನ ಸಿಂಕ್ರೊಟ್ರಾನ್ (ಕಣವೇಗವರ್ಧಕ) ಎಕ್ಸ್‌ರೇಯಲ್ಲಿ.

ಒಂದು ಅನುಮಾನ ಉಳಿದಿದೆ. ರಫತಾಜ್ಮಿಯಾದ ಪ್ರತಿ ಕೋಶದ ನಡುವಿನ ಬಿಲ್ಲೆ ದ್ಯುತಿಸಂಶ್ಲೇಷಣೆಯ ಅಂಗಭಾಗವಿರಬಹುದು ಎಂದು ಬೆಂಗ್ಟ್ಸನ್ ತಂಡ ಹೇಳುತ್ತದೆ. ಆದರೆ ಸತ್ತ ಕೋಶದ ಒಡಲು ಮುದುಡಿ ಇಂಥದೇ ಗಂಟಾಗುವುದುಂಟು. ಹಾಗಾಗಿ ಅಡ್ಡಗೋಡೆ, ರಂಧ್ರಗಳಿಗೆ ಕೊಡುವ ತೂಕವನ್ನು ಬಿಲ್ಲೆಗೆ ಕೊಡಲಾಗದು.

ಪ್ರಯೋಗಾಲಯವಿರುವ ಕಾಲೇಜುಗಳಿಗೆ ಎರಡು ಮಾತು. ಡಾಲಮೈಟಿನಲ್ಲಿ (ಸುಣ್ಣಕಲ್ಲಿನಂಥ ಕಲ್ಲು) ಫಾಸ್ಫೇಟ್ ಪಳೆಯುಳಿಕೆ ಇದ್ದರೆ ಶೇ 10ರಷ್ಟು ಅಸಿಟಿಕ್ ಆಮ್ಲದಲ್ಲಿ ದಿನಗಟ್ಟಲೆ ನೆನೆಹಾಕಿ, ಉಳಿದ ಗಸಿಯನ್ನು ಸಣ್ಣ ಜರಡಿಯಲ್ಲಿ ತೊಳೆಯಬೇಕು. ಬೇಗ ಆಗಲೆಂದು ಹೈಡ್ರೊಕ್ಲೋರಿಕ್ ಆಮ್ಲ ಸುರಿದರೆ ಕಲ್ಲಿನ ಜೊತೆ ಪಳೆಯುಳಿಕೆಯೂ ಕರಗುತ್ತದೆ. ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿಗೆ ಈ ಆಮ್ಲಗಳು ನಾಟುವುದಿಲ್ಲ, 0.03 ಮಿಮೀ ದಪ್ಪಕ್ಕೆ ಸವೆಸಿದ ತೆಳುಸೀಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇನ್ನು ಬಾಗಲಕೋಟೆ ಸುತ್ತಿನ ಕಲಾದಗಿ ಶಿಲೆಗಳ ಸ್ಟ್ರೊಮ್ಯಾಟೊಲೈಟುಗಳನ್ನು ತೋರಿಸಿ 'ಬಹುಕೋಶ ಜೀವಿ' ಎನ್ನುವವರಿದ್ದಾರೆ. ಅವು ಸೂಕ್ಷ್ಮಜೀವಿಗಳ ಲೋಳೆಪದರ ಒಂದರ ಮೇಲೊಂದು ಕೂತು ಆದ ರಚನೆಗಳು. ಸುಣ್ಣಕಲ್ಲಿನ ಬಿರುಕಿನಲ್ಲಿ ಜರೀಗಿಡದಂತೆ ಹಬ್ಬಿದ ಕಪ್ಪು ಮ್ಯಾಂಗನೀಸ್ ಗೆರೆಯಂತೂ ಜೀವಿಯೇ ಅಲ್ಲ.

ತಮ್ಮ ಪರೀಕ್ಷಾ ಪುಟದಲ್ಲಿ ಡಿಕಿನ್ಸೋನಿಯಾ ಪ್ರಶ್ನೆ ಮತ್ತೆ ಬಂದರೆ ದಯವಿಟ್ಟು ತೆಗೆದುಹಾಕಿ, ಚಿತ್ರಕೂಟದ ಬಗ್ಗೆ ಕೇಳಿ.

ಇಂತಿ,
ಭೂವಿಜ್ಞಾನ ಶಿಕ್ಷಕರು, ಧಾರವಾಡ