ಎರರ್ ಕಮ್ಮಿ ಇದ್ದರೂ ಭಯ ಅಂದೆಯಲ್ಲ

ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ಅದು ಬಿಡು. ಪತ್ರದ ಕೊನೆಯಲ್ಲಿ ನೀನು ಒಂದು ಮಾತು ಬರೆದಿದ್ದೀಯ. ಗ್ಯಾಂಟ್ರಿಯ, ಅಂದರೆ ಎರಡು ತುದಿಗೂ ಒಂದೊಂದು ಮೋಟಾರ್ ಇರುವ ಅಡ್ಡ ಬೀಮಿನ, ಎರಡು ಕಡೆಯ ಸಿಂಕ್ ಎರರ್ (ಒಂದು ತುದಿ ಇನ್ನೊಂದಕ್ಕಿಂತ ಹಿಂದೆ ಮುಂದೆ ಆಗುವುದು) ಒಂದೆರಡು ಮೈಕ್ರಾನ್ ದಾಟುತ್ತಿಲ್ಲ, ಎಲ್ಲರಿಗೂ ಖುಷಿ, ಆದರೆ ಓಡುತ್ತಲೇ ತನ್ನನ್ನು ತಾನೇ ಹೊಂದಿಸಿಕೊಳ್ಳುವ ನಿನ್ನ ಅಡಾಪ್ಟಿವ್ ಕಂಟ್ರೋಲ್ ಏನನ್ನೋ ಮುಚ್ಚಿಡುತ್ತಿದೆ ಅಂತ ಭಯ ಅಂದೆ. ಅದನ್ನು ಓದಿದ ಮೇಲೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ.

ನಿನ್ನ ಭಯ ಸುಳ್ಳಲ್ಲ. ಬೀಮಿನ ಮೇಲೆ ಓಡಾಡುವ ಹೆಡ್ ಎಡ ತುದಿಗೆ ಹೋದರೆ ಎಡ ಮೋಟಾರಿಗೆ ಭಾರ ಜಾಸ್ತಿ, ಅದನ್ನು ಕಂಡುಕೊಂಡು ಹೊಂದಿಸಲಿ ಅಂತಲೇ ಅಡಾಪ್ಟೇಶನ್ ಹಾಕುವುದು. ಆದರೆ ಬೀಮನ್ನು ಹಳಿಯ ಮೇಲೆ ಜಾರಿಸುವ ಬ್ಲಾಕ್ ಒಂದು ಕಡೆ ಗ್ರೀಸ್ ಸಿಗದೆ ಒಣಗಿದರೂ ಅದು ಅದೇ ಕೆಲಸ ಮಾಡುತ್ತದೆ. ಫ್ರಿಕ್ಷನ್ ಏರಿತು ಅಂತ ಲೆಕ್ಕ ಹಾಕಿ ಸುಮ್ನೆ ಕರೆಂಟ್ ಏರಿಸುತ್ತದೆ. ಎರರ್ ಇದ್ದಷ್ಟೇ ಇರುತ್ತದೆ. ಏರಿದ್ದು ಆ ಕರೆಂಟಿನಲ್ಲಿ, ಅದು ಒಳಗೇ ಹಾಕಿಕೊಂಡ ಅಂದಾಜಿನಲ್ಲಿ (ಎಸ್ಟಿಮೇಟ್) ಮಾತ್ರ ಕಾಣುತ್ತದೆ, ಅದನ್ನು ನೋಡುವವರು ಯಾರು?

ಪೀಣ್ಯದಲ್ಲಿ ನಮ್ಮ ಶೆಡ್ಡಿಗೆ ತಗಡಿನ ಮಾಡು. ಏಪ್ರಿಲ್ ಮಧ್ಯಾಹ್ನ ಅಲ್ಯೂಮಿನಿಯಂ ಬೀಮ್ ಹಿಗ್ಗಿ ಎರಡೂ ಬದಿಯ ಬ್ಲಾಕುಗಳನ್ನು ಹೊರಕ್ಕೆ ಒತ್ತುತ್ತಿತ್ತು. ಅಲ್ಯೂಮಿನಿಯಂ ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಕೆಳಗಿನ ಉಕ್ಕಿನ ಬೆಡ್ ಅದರ ಅರ್ಧದಷ್ಟು. ನಮ್ಮಲ್ಲೊಬ್ಬ ಹಿರಿಯ ಫಿಟ್ಟರ್ ಇದ್ದರು. ಬೀಮ್ ನಿಧಾನವಾಗಿ ಸರಿಯುವಾಗ ಅದರ ತುದಿಗೆ ಅಂಗೈ ಒತ್ತಿಟ್ಟುಕೊಂಡೇ ಜೊತೆಗೆ ನಡೆಯುತ್ತಿದ್ದರು, ಒಂದು ಕಡೆ ತಟ್ಟನೆ ನಿಂತು "ಇಲ್ಲಿ ಹಿಡೀತಿದೆ" ಅನ್ನುತ್ತಿದ್ದರು. ಬ್ಲಾಕ್ ಬಿಚ್ಚಿದರೆ ಅಲ್ಲೇ ಗಾಯ. ಅವರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಅವರ ಪಕ್ಕ ಕೂತು ಎಲ್ಲ ಕೇಳಿ ಬರೆದಿಡುವ ಪುಣ್ಯ ನನಗೆ ಸಿಗಲಿಲ್ಲ, ಅದು ಈಗಲೂ ಕೊರೆಯುತ್ತದೆ. ನಿನ್ನ ಕಂಟ್ರೋಲರ್ ಆ ಹಿಡಿತವನ್ನು ನುಂಗಿಕೊಂಡು ಓಡುತ್ತದೆ. ನನಗೂ ಭಯ ಆಗುವುದು ಅದಕ್ಕೇ.

1967ರ ನವೆಂಬರ್ 15ರಂದು ಅಮೆರಿಕದ ಎಕ್ಸ್-15 ರಾಕೆಟ್ ವಿಮಾನ ಆಕಾಶದಲ್ಲೇ ಒಡೆದು ಪೈಲಟ್ ಮೈಕೆಲ್ ಆಡಮ್ಸ್ ತೀರಿಕೊಂಡರು. ಗೇನನ್ನು, ಅಂದರೆ ತಪ್ಪನ್ನು ಎಷ್ಟು ಜೋರಾಗಿ ತಿದ್ದಬೇಕು ಅನ್ನುವುದನ್ನು, ತಾನೇ ಹೊಂದಿಸಿಕೊಳ್ಳುವ ಕಂಟ್ರೋಲ್ ಅದರಲ್ಲಿತ್ತು. ಅದಕ್ಕೆ ಮೊದಲು ಎಷ್ಟೋ ಹಾರಾಟಗಳಲ್ಲಿ ಚೆನ್ನಾಗಿಯೇ ನಡೆದಿತ್ತು. ಅವತ್ತು ವಿಮಾನ ಸ್ಪಿನ್ನಿನಿಂದ ಹೊರಬಂದರೂ ಗೇನ್ ಇಳಿಯಬೇಕಾದಷ್ಟು ಇಳಿಯಲಿಲ್ಲ, ಮೂಗು ಮೇಲಕ್ಕೂ ಕೆಳಕ್ಕೂ ಹೊಯ್ದಾಡಿತು. ಬೇರೆ ಕಾರಣಗಳೂ ಇದ್ದವು, ಹೌದು. ಆದರೂ ಚೆನ್ನಾಗಿ ನಡೆಯುತ್ತಿದೆ ಅಂತ ಎಲ್ಲರೂ ಖುಷಿಯಾಗಿದ್ದಾರೆ ಅಂದೆಯಲ್ಲ, ಆಗ ಇದು ನೆನಪಾಯಿತು.

ನಿನ್ನ ಗಣಿತ ನನ್ನ ಕೈಗೆ ನಿಲುಕದು, ತಪ್ಪು ತಿಳಿಯಬೇಡ. ಎಸ್ಟಿಮೇಟುಗಳಿಗೆ ಮೇಲೆ ಕೆಳಗೆ ಗಡಿ ಹಾಕಿದ್ದೀಯಾ? ಯಂತ್ರ ಸುಮ್ಮನೆ ನಿಂತಾಗ ಅಡಾಪ್ಟೇಶನ್ ನಿಲ್ಲಿಸುತ್ತೀಯಾ? ಓಡದಿದ್ದರೆ ಕಲಿಯಲು ಏನೂ ಇರುವುದಿಲ್ಲ, ಅಳತೆಯಲ್ಲಿ ಸೇರುವ ನಾಯ್ಸನ್ನೇ ನಂಬಿ ಎಸ್ಟಿಮೇಟ್ ಎಲ್ಲೆಲ್ಲಿಗೋ ಸರಿಯುತ್ತದೆ. ಇದೆಲ್ಲ ನಿನಗೆ ಗೊತ್ತೇ ಇರುತ್ತದೆ. ಬೀಮ್ ಓರೆಯಾದರೆ ಯಂತ್ರ ನಿಲ್ಲಿಸುವ ಸ್ಕ್ಯೂ ಅಲಾರಂ ಮಾತ್ರ ಕಂಟ್ರೋಲರಿನ ಕೈಗೆ ಕೊಡಬೇಡ, ಅದು ಬೇರೆಯೇ ಇರಲಿ. ಪದೇ ಪದೇ ಟ್ರಿಪ್ ಆಗುತ್ತದೆ, ಲಿಮಿಟ್ ದೊಡ್ಡದು ಮಾಡು ಅಂತ ಯಾರಾದರೂ ಹೇಳಿಯಾರು, ಒಪ್ಪಬೇಡ.

ಇನ್ನೊಂದು, ಬೇಸರ ಮಾಡಿಕೊಳ್ಳಬೇಡ. ದಿನಾ ಬೆಳಿಗ್ಗೆ ಹೆಡ್ಡನ್ನು ನಡುವೆ ನಿಲ್ಲಿಸಿ ಬೀಮನ್ನು ಈ ತುದಿಯಿಂದ ಆ ತುದಿಗೆ ಒಂದೇ ನಿಧಾನದ ವೇಗದಲ್ಲಿ ಓಡಿಸು. ಎರಡೂ ಬದಿಯ ಕರೆಂಟ್ ಮತ್ತು ಫ್ರಿಕ್ಷನ್ ಎಸ್ಟಿಮೇಟ್ ಬರೆದಿಡು. ನಿಂತಿರುವಾಗ ಎರಡೂ ಮೋಟಾರ್ ಒಂದಕ್ಕೊಂದು ಎದುರಾಗಿ ಕರೆಂಟ್ ಎಳೆಯುತ್ತಿದ್ದರೆ ಅದನ್ನೂ ಬರೆ, ಎರಡು ಬದಿಯ ಸ್ಥಾನ ಅಳೆಯುವ ಸ್ಕೇಲುಗಳು ಒಂದಕ್ಕೊಂದು ಹೊಂದದಿದ್ದರೆ ಮೋಟಾರುಗಳು ಬೀಮನ್ನೇ ತಿರುಚುತ್ತಾ ಬಿಸಿಯಾಗುತ್ತಿರುತ್ತವೆ. ಒಂದು ವಾರದ ಅಂಕಿಗಳನ್ನು ನನಗೆ ಕಳಿಸು, ಎಡ ಬಲ ಬೇರೆ ಬೇರೆಯಾಗಿ. ಯಾವ ಕಡೆಯದಾದರೂ ದಿನದಿಂದ ದಿನಕ್ಕೆ ಏರುತ್ತಿದ್ದರೆ ವಾರ ಮುಗಿಯುವ ತನಕ ಕಾಯಬೇಡ, ಅವತ್ತೇ ಫೋನ್ ಮಾಡು.

ದೊಡ್ಡಪ್ಪ