ಗ್ಯಾಸ್ ಅಂದ್ಕೊಂಡಿದ್ದು ಹಾರ್ಟಿಂದಾಗಿತ್ತು

ಸಂಪಾದಕರಿಗೆ ನಮಸ್ಕಾರ,

ನಾನು ಮುಂಬಯಿ ಹತ್ರದ ಡೊಂಬಿವಲಿಯಲ್ಲಿ ಹೋಟೆಲ್ ಗಲ್ಲಾದಲ್ಲಿ ಕೂರೋನು. ನಮ್ಮ ಭಾವ ದಿನಾ ಲೋಕಲ್ ಹಿಡಿಯೋಕೆ ಸ್ಟೇಷನ್ ಬ್ರಿಜ್ ಹತ್ತುವಾಗ ಎದೆ ಹಿಂಡಿದಂಗೆ ಆಗ್ತಿತ್ತಂತೆ, ಎರಡು ನಿಮಿಷ ಕಂಬ ಹಿಡ್ಕೊಂಡು ನಿಂತ್ರೆ ಹೋಗ್ತಿತ್ತಂತೆ, ಮನೇಲಿ ಯಾರಿಗೂ ಹೇಳ್ದೆ ಗ್ಯಾಸ್ ಅಂತ ಸೋಡಾ ಕುಡ್ಕೊಂಡೇ ಓಡಾಡಿದ್ರು. ಹತ್ತುವಾಗ ನೋವು, ನಿಂತ್ರೆ ಕಮ್ಮಿ, ಇದಕ್ಕೇ ಆಂಜೈನಾ ಅನ್ನೋದು. ಹಾರ್ಟಿಗೇ ರಕ್ತ ಕೊಡೋ ನಾಳದೊಳಗೆ ಕೊಬ್ಬು ಕಟ್ಕೊಂಡು ದಾರಿ ಸಣ್ಣ ಆಗಿರತ್ತೆ, ಆ ಕೊಬ್ಬು ಬಿರುಕು ಬಿಟ್ಟು ಅದ್ರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದ್ರೆ ಅಟ್ಯಾಕ್.

ಒಂದು ರಾತ್ರಿ ಬನಿಯನ್ ಹಿಂಡೋ ಅಷ್ಟು ಬೆವರು, ದವಡೆ ನೋವು. ಹತ್ರದ ಕ್ಲಿನಿಕ್ಕಲ್ಲಿ ಒಂದೇ ಒಂದು ಇಸಿಜಿ ತೆಗೆದು ನಾರ್ಮಲ್ ಅಂತ ವಾಪಸ್ ಕಳಿಸಿದ್ರು! ಮೊದಲ್ನೇ ಇಸಿಜಿ ಸರಿ ಇದ್ರೂ ಅಟ್ಯಾಕ್ ಇರಬಹುದು, ಮತ್ತೆ ತೆಗೀಬೇಕು, ಟ್ರೋಪೋನಿನ್ ಅನ್ನೋ ರಕ್ತದ ಟೆಸ್ಟೂ ಮಾಡಿ ಬೇಕಾದ್ರೆ ಒಂದೆರಡು ಗಂಟೆ ಬಿಟ್ಟು ಇನ್ನೊಂದ್ಸಲ ನೋಡ್ಬೇಕು ಅಂತ ನಮಗೆ ಗೊತ್ತಾಗಿದ್ದು ಬೆಳಗ್ಗೆ ದೊಡ್ಡಾಸ್ಪತ್ರೆಯಲ್ಲಿ ನಾಳ ತೆರೆದಿಡೋ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಹಾಕಿದ್ಮೇಲೆ. ಅಷ್ಟೊತ್ತಿಗೆ ಹಾರ್ಟಿನ ಪಂಪಿಂಗ್ ಕಮ್ಮಿ ಆಗಿತ್ತು. ಶುಗರ್ ಇರೋರಿಗಂತೂ ಎದೆನೋವೇ ಬರದೆ ಬರೀ ಸುಸ್ತು, ಉಬ್ಬಸ ಆಗ್ಬಹುದಂತೆ.

ನಿಮ್ಮ ಆರೋಗ್ಯ ಪುಟದಲ್ಲಿ ತೂಕ ಇಳಿಸೋ ಜ್ಯೂಸ್ ಬಗ್ಗೆ ವಾರ ವಾರ ಬರತ್ತೆ, ಬರಲಿ ಬೇಡ ಅನ್ನಲ್ಲ, ಇದನ್ನೂ ಒಂದ್ಸಲ ದೊಡ್ಡಕ್ಷರದಲ್ಲಿ ಹಾಕಿ, ಜೊತೆಗೆ ಆಂಬುಲೆನ್ಸಿನ 108 ನಂಬರನ್ನೂ. ಪೇಪರ್ ಕತ್ತರಿಸಿ ನಮ್ಮ ಹೋಟೆಲ್ ಗೋಡೆಗೆ ನಾನೇ ಅಂಟಿಸ್ತೀನಿ.

ಇಂತಿ,
ನಿಮ್ಮ ಹಳೇ ಓದುಗ, ಡೊಂಬಿವಲಿ