ಗೆಳೆಯನಿಗೊಂದು ಪತ್ರ: ಜಿನ್‌ಫ್ಯಾಂಡೆಲ್ ಕೊಳ್ಳುವಾಗ ಮೊದಲು ನೋಡಬೇಕಾದ್ದು

ಪ್ರಿಯ ಗೆಳೆಯ,

ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವ ಕೆಂಪು ವೈನಾದ ಜಿನ್‌ಫ್ಯಾಂಡೆಲ್‌ನಲ್ಲಿ ಯಾವುದು ಒಳ್ಳೆಯದು, ಯಾವ ಊಟಕ್ಕೆ ಯಾವುದು ಸರಿ ಅಂತ ಕೇಳಿದ್ದೆಯಲ್ಲ. ಹೆಸರುಗಳು ಆಮೇಲೆ. ಮೊದಲು ಲೇಬಲ್ಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಆಲ್ಕೋಹಾಲ್ ಪ್ರಮಾಣ ನೋಡು. ಈ ವೈನಿನ ಅರ್ಧ ಜಾತಕ ಅಲ್ಲೇ ಇದೆ.

ಕಾರಣ ಬಳ್ಳಿಯಲ್ಲಿದೆ. ಈ ದ್ರಾಕ್ಷಿ ಒಟ್ಟಿಗೆ ಹಣ್ಣಾಗುವುದೇ ಇಲ್ಲ. ಒಂದೇ ಗೊಂಚಲಲ್ಲಿ ಒಂದಷ್ಟು ಹಣ್ಣು ಬಾಡಿ ಒಣದ್ರಾಕ್ಷಿಯಾಗುತ್ತಿದ್ದರೆ ಪಕ್ಕದಲ್ಲೇ ಹಸಿರು ಕಾಯಿ ಇರುತ್ತದೆ. ಬೇಗ ಕೊಯ್ದರೆ ಹುಳಿ, ಹಸಿ ವಾಸನೆ. ಕಾದು ಕೊಯ್ದರೆ ಸಕ್ಕರೆ ಏರಿ, ಹುದುಗಿದ ಮೇಲೆ ಅದೇ ಆಲ್ಕೋಹಾಲ್ ಆಗುತ್ತದೆ. ಬಾಡಿದ ಹಣ್ಣಿನ ಸಕ್ಕರೆ ತೊಟ್ಟಿಯಲ್ಲಿ ನೆನೆದ ಮೇಲಷ್ಟೇ ರಸಕ್ಕೆ ಇಳಿಯುವುದರಿಂದ, ಕೊಯ್ಲಿನ ದಿನ ಅಳೆದ ಲೆಕ್ಕ ಬಹಳ ಸಲ ಸುಳ್ಳಾಗುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಶೇ. 14.5ರಿಂದ 15.5 ಮಾಮೂಲು, 16 ದಾಟುವುದೂ ಉಂಟು. ಇನ್ನೊಂದು ವಿಷಯ: ಶೇ. 14ಕ್ಕಿಂತ ಮೇಲಿನ ವೈನಿಗೆ ಲೇಬಲ್ಲಿನ ಅಂಕಿ ಒಂದು ಶೇಕಡಾದಷ್ಟು ಆಚೀಚೆ ಇದ್ದರೂ ಅಮೆರಿಕದ ನಿಯಮ ಒಪ್ಪುತ್ತದೆ. 15 ಅಂತ ಬರೆದದ್ದು 15.8 ಇರಬಹುದು.

ಈಗ ಊಟದ ಮಾತು. ಶೇ. 14ರ ಆಸುಪಾಸಿನದರಲ್ಲಿ ರಾಸ್ಪ್‌ಬೆರಿ, ಕರಿಮೆಣಸಿನ ಪರಿಮಳ ಇರುತ್ತದೆ, ಹುಳಿಯೂ ಚುರುಕಾಗಿರುತ್ತದೆ. ಟೊಮೆಟೊ ಸಾಸಿನ ಪಾಸ್ತಾ, ಪಿಜ್ಜಾ, ಓವನ್ನಿನಲ್ಲಿ ಹುರಿದ ಕೋಳಿಗೆ ಅದು ಸರಿ, ಏಕೆಂದರೆ ಹುಳಿಯಿಲ್ಲದ ವೈನು ಟೊಮೆಟೊ ಮುಂದೆ ಸಪ್ಪೆಯಾಗುತ್ತದೆ. ಶೇ. 15 ದಾಟಿದ್ದು ಜಾಮಿನಷ್ಟು ಮಾಗಿದ ರುಚಿಯದು. ಅದಕ್ಕೆ ಬಾರ್ಬೆಕ್ಯೂ ರಿಬ್ಸ್, ಕೆಂಡದ ಮೇಲೆ ಸುಟ್ಟ ಸಾಸೇಜು, ಟ್ರೈ-ಟಿಪ್ (ದನದ ಮಾಂಸದ ಒಂದು ತುಂಡು) ಬೇಕು. ಬಾರ್ಬೆಕ್ಯೂ ಸಾಸಿನಲ್ಲಿ ಸಕ್ಕರೆ ಇರುತ್ತದೆ, ಸಿಹಿ ತಿಂದ ನಾಲಿಗೆಗೆ ಕೆಬರ್ನೆಯಂಥ ಬಿಗಿಯಾದ ಬೇರೆ ಕೆಂಪು ವೈನು ಬರೀ ಹುಳಿ ಮತ್ತು ಒಗರಾಗಿ ಸಿಗುತ್ತದೆ. ಮಾಗಿದ ಜಿನ್‌ಫ್ಯಾಂಡೆಲ್ ಅಲ್ಲಿ ನಿಲ್ಲುತ್ತದೆ. ಮಾಂಸದ ಕೊಬ್ಬು, ಉಪ್ಪು ಒಗರನ್ನು ಇನ್ನಷ್ಟು ಮೆತ್ತಗೆ ಮಾಡುತ್ತವೆ.

ಎಲ್ಲರೂ ಎಡವುವುದು ಖಾರದಲ್ಲಿ. "ಗಟ್ಟಿ ವೈನು, ಖಾರಕ್ಕೆ ಹೊಂದುತ್ತದೆ" ಅನ್ನುವ ಮಾತು ಅರ್ಧ ಮಾತ್ರ ನಿಜ. ಕರಿಮೆಣಸು, ಹೊಗೆ, ಜೀರಿಗೆ ಎಲ್ಲ ಸರಿ. ಆದರೆ ಮೆಣಸಿನಕಾಯಿಯ ಉರಿ ತಾಗುವ ನರತುದಿಗಳನ್ನೇ ಆಲ್ಕೋಹಾಲೂ ಕೆಣಕುತ್ತದೆ, ಹಾಗಾಗಿ 15.5ರ ವೈನು ಖಾರವನ್ನು ಆರಿಸುವುದಿಲ್ಲ, ಹೆಚ್ಚಿಸುತ್ತದೆ. ಖಾರದ ಅಡುಗೆಗೆ 14ರ ಹತ್ತಿರದ್ದನ್ನೇ ತೆಗೆದುಕೊಂಡು ಸ್ವಲ್ಪ ತಂಪಾಗಿಯೇ ಬಡಿಸು. ಮೀನಿಗಂತೂ ಬೇಡ, ಎಣ್ಣೆಯಂಶದ ಮೀನಿನ ಜೊತೆ ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ.

ಹೆಸರುಗಳಲ್ಲಿ ನನ್ನ ಮೊದಲ ಮತ ವೈನ್ ತಯಾರಕರಾದ ರಿಡ್ಜ್ ವಿನ್‌ಯಾರ್ಡ್ಸ್‌ಗೆ. 1966ರಿಂದ ಬರುತ್ತಿರುವ ಅವರ ಗೈಸರ್‌ವಿಲ್, 1972ರಿಂದ ಬರುತ್ತಿರುವ ಲಿಟ್ಟನ್ ಸ್ಪ್ರಿಂಗ್ಸ್ ಎರಡೂ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರದೇಶದವು. ಎರಡರಲ್ಲೂ ಪೆಟಿಟ್ ಸಿರಾ, ಕಾರಿನ್ಯಾನ್ ಎಂಬ ಬೇರೆ ಕೆಂಪು ದ್ರಾಕ್ಷಿಗಳನ್ನು ಬೆರೆಸುತ್ತಾರೆ. ಒಂದೇ ದ್ರಾಕ್ಷಿ ಶೇ. 75 ಇಲ್ಲದಿದ್ದರೆ ಅದರ ಹೆಸರು ಹಾಕುವಂತಿಲ್ಲ, ಆದ್ದರಿಂದ ಬಾಟಲಿಯ ಮುಂದೆ ಜಿನ್‌ಫ್ಯಾಂಡೆಲ್ ಅಂತ ಕಾಣದಿದ್ದರೆ ಗಾಬರಿಯಾಗಬೇಡ. ಹತ್ತು ವರ್ಷ ಇಟ್ಟರೂ ಇವು ಕೆಡವು. ಉಳಿದ ಬಹುಪಾಲನ್ನು ಐದು ವರ್ಷದೊಳಗೆ ಕುಡಿದು ಮುಗಿಸುವುದೇ ಲೇಸು. ದಿನದ ಊಟಕ್ಕೆ ಸೆಗೇಸಿಯೊ ಕಂಪನಿಯ ಸೊನೋಮಾ ಕೌಂಟಿ ಸಾಕು. ಟರ್ಲಿ ಕಂಪನಿಯದು ದಪ್ಪನೆಯದು, ರಿಬ್ಸ್ ಇಲ್ಲದ ದಿನ ತೆರೆಯಬೇಡ. ಕ್ಯಾಲಿಫೋರ್ನಿಯಾದಲ್ಲೇ ಲೋಡೈ ಕಡೆಯದು ಮೆತ್ತಗೆ, ಡ್ರೈ ಕ್ರೀಕ್ ವ್ಯಾಲಿಯದರಲ್ಲಿ ಮೆಣಸು ಹೆಚ್ಚು. "ಓಲ್ಡ್ ವೈನ್" (Old Vine, ಅಂದರೆ ಹಳೆಯ ಬಳ್ಳಿ) ಅನ್ನುವ ಮಾತಿಗೆ ಕಾನೂನಿನ ಅರ್ಥವೇ ಇಲ್ಲ, ಅದಕ್ಕಾಗಿ ಹೆಚ್ಚು ಡಾಲರ್ ಕೊಡುವ ಮುಂಚೆ ತೋಟದ ಹೆಸರು, ನೆಟ್ಟ ವರ್ಷ ಬರೆದಿದೆಯೇ ನೋಡು. ವೈಟ್ ಜಿನ್‌ಫ್ಯಾಂಡೆಲ್ ಗುಲಾಬಿ ಬಣ್ಣದ ಸಿಹಿ ವೈನು, ಇಲ್ಲಿಯ ಲೆಕ್ಕಕ್ಕಿಲ್ಲ. ಇಟಲಿಯ ಪ್ರಿಮಿಟಿವೊ ಕೂಡ ಇದೇ ದ್ರಾಕ್ಷಿ. ಕ್ರೊಯೇಷಿಯಾದ ಕಡಲತಡಿಯ ಒಂದು ಹಳೆಯ ಬಳ್ಳಿಯೂ ಇದೇ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು.

ಬಡಿಸುವಾಗ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. 25 ಡಿಗ್ರಿಯಲ್ಲಿ ಆಲ್ಕೋಹಾಲ್ ಮೂಗಿಗೆ ಘಾಟು ಹೊಡೆಯುತ್ತದೆ. ಐಸ್ ಬೆರೆಸಿದ ನೀರಿನಲ್ಲಿ ಎಂಟು ಹತ್ತು ನಿಮಿಷ ಇಟ್ಟರೆ ಸಾಕು. ಇನ್ನೂ ತಣ್ಣಗಾದರೆ ಹಣ್ಣಿನ ರುಚಿ ಅಡಗಿ ಒಗರು ಎದ್ದು ಬರುತ್ತದೆ. ಗ್ಲಾಸಿಗೆ 150 ಮಿ.ಲೀ. ದಾಟದಿರಲಿ. 15.5ರ ಐದು ಗ್ಲಾಸು, 12.5ರ ಆರು ಗ್ಲಾಸಿಗೆ ಹೆಚ್ಚುಕಡಿಮೆ ಸಮ, ಅತಿಥಿಗಳಿಗೆ ಇದನ್ನು ಮೊದಲೇ ಹೇಳು. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡು. ಮೂರು ದಿನದೊಳಗೆ ಮುಗಿಯದಿದ್ದರೆ ಮಾಂಸ ಬೇಯಿಸುವ ಪಾತ್ರೆಗೆ ಸುರಿ.

ಇಂತಿ ನಿನ್ನ ಗೆಳೆಯ